ದೊಡ್ಡ ನಾಯಿಗಳ ಮಂಡಿನೋವು ಕಡೆಗಣಿಸದಿರಿ

ಮಾನ್ಯ ಸಂಪಾದಕರೇ,

ಏಳು ವರ್ಷದ ನಮ್ಮ ಲ್ಯಾಬ್ರಡಾರ್ ಕೂರುವಾಗ ಬಲ ಹಿಂಗಾಲನ್ನು ಮಡಚದೆ ಪಕ್ಕಕ್ಕೆ ಚಾಚುತ್ತಿದ್ದುದನ್ನು ನಾವು ವಯಸ್ಸಿನ ಆಲಸ್ಯವೆಂದೇ ತಿಳಿದಿದ್ದೆವು. ಮಂಡಿಯ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿದೆಯೆಂದು ಪಶುವೈದ್ಯರು ಹೇಳುವಷ್ಟರಲ್ಲಿ ತೊಡೆಯ ಸ್ನಾಯು ಸೊರಗಿಹೋಗಿತ್ತು. ದೊಡ್ಡ ತಳಿಗಳಲ್ಲಿ ಅದು ಒಂದೇ ಪೆಟ್ಟಿಗೆ ಹರಿಯುವುದಕ್ಕಿಂತ ತಿಂಗಳುಗಟ್ಟಲೆ ಸವೆದು ಹರಿಯುವುದೇ ಹೆಚ್ಚು, ಅನೇಕ ನಾಯಿಗಳಲ್ಲಿ ಮುಂದೆ ಇನ್ನೊಂದು ಕಾಲಿನದೂ ಹರಿಯುತ್ತದೆ. ಮಂಡಿಚಿಪ್ಪು ಜಾರುವುದು ಪುಟ್ಟ ನಾಯಿಗಳಿಗೆ ಮಾತ್ರ ಎಂಬ ನಂಬಿಕೆಯೂ ತಪ್ಪು. ಪ್ರೀತಿಯಿಂದ ಹಾಕುವ ಬಿಸ್ಕತ್ತು ಬೆಳೆಸುವ ಬೊಜ್ಜು ಈ ಕೀಲುಗಳ ಮೇಲೆಯೇ ಬೀಳುತ್ತದೆ.

ನಾಯಿ ತಳಿ ಬೆಳೆಸುವವರ ನೋಂದಣಿಯನ್ನು 2017ರ ಕೇಂದ್ರ ನಿಯಮಗಳು ಕಡ್ಡಾಯಗೊಳಿಸಿವೆ. ಇಂಥ ಕೀಲುದೋಷ ವಂಶದಿಂದಲೂ ಬರಬಹುದಾದ್ದರಿಂದ, ಮರಿ ಮಾರುವಾಗ ಅದರ ತಂದೆತಾಯಿಯ ಕೀಲು ತಪಾಸಣೆಯ ವರದಿಯನ್ನೂ ಕೊಡುವಂತೆ ಸಂಬಂಧಪಟ್ಟವರು ಒತ್ತಾಯಿಸಬೇಕೆಂದು ಕೋರುತ್ತೇನೆ.

— ಓದುಗ, ಮೈಸೂರು