ಕಲಿಕಾ ನ್ಯೂನತೆಯ ಪರಿಶೀಲನೆ: ಪೋಷಕರಿಗೆ ಒಂದು ಪತ್ರ

ಮಾನ್ಯ ಪೋಷಕರೇ,

ಮೂರು ಮತ್ತು ನಾಲ್ಕನೇ ತರಗತಿಗಳಲ್ಲಿ ಓದು ಬರಹದಲ್ಲಿ ತೀರಾ ಹಿಂದುಳಿದಿರುವ ಮಕ್ಕಳನ್ನು ಮನಃಶಾಸ್ತ್ರಜ್ಞರಿಂದ ಪರಿಶೀಲಿಸಲು ಶಾಲೆ ನಿರ್ಧರಿಸಿದೆ. ಇದನ್ನು ತಿಳಿದ ಕೆಲವರು "ನಮ್ಮ ಮಗುವಿಗೆ ತಲೆ ಸರಿ ಇಲ್ಲವೆಂದು ಹೇಳುತ್ತಿದ್ದೀರಾ?" ಎಂದು ನೊಂದು ಕೇಳಿರುವುದರಿಂದ, ಅಲ್ಲಿ ನಡೆಯುವುದೇನೆಂದು ವಿವರಿಸುವುದು ನನ್ನ ಕರ್ತವ್ಯವಾಗಿದೆ.

ಬುದ್ಧಿ ಸರಿಯಿದ್ದರೂ ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ತೊಡಕು ಕಾಣುವುದೇ ಕಲಿಕಾ ನ್ಯೂನತೆ; ಅದು ಬುದ್ಧಿಮಾಂದ್ಯವಲ್ಲ, ಸೋಮಾರಿತನವೂ ಅಲ್ಲ. ಲೆಕ್ಕದಲ್ಲಿ ಚುರುಕಾಗಿದ್ದರೂ ಓದಲು ಮಾತ್ರ ಬಾರದಿದ್ದ 14 ವರ್ಷದ ಹುಡುಗನೊಬ್ಬನ ಕುರಿತು ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲೇ ಬರೆದಿದ್ದರು. ಅಕ್ಷರದ ರೂಪವನ್ನು ಗುರುತಿಸುವ, ಅದನ್ನು ಧ್ವನಿಯೊಂದಿಗೆ ಜೋಡಿಸುವ, ಉಚ್ಚಾರಣೆಗೆ ಅಣಿಗೊಳಿಸುವ ಮಿದುಳಿನ ಎಡಬದಿಯ ಭಾಗಗಳು ಓದುವಾಗ ಒಟ್ಟಾಗಿ ದುಡಿಯಬೇಕು. ಡಿಸ್ಲೆಕ್ಸಿಯಾ, ಅಂದರೆ ಓದಿಗೆ ಸಂಬಂಧಿಸಿದ ಕಲಿಕಾ ನ್ಯೂನತೆ, ಇರುವ ಮಕ್ಕಳಲ್ಲಿ ಇವುಗಳ ಪೈಕಿ ಹಿಂಬದಿಯ ಭಾಗಗಳ ಚಟುವಟಿಕೆ ಕಡಿಮೆ ಇರುವುದನ್ನು ಮಿದುಳಿನ ಚಿತ್ರಣದ ಅಧ್ಯಯನಗಳು ತೋರಿಸಿವೆ. ಧ್ವನಿ ಮತ್ತು ಅಕ್ಷರಗಳನ್ನು ಕ್ರಮವಾಗಿ ಜೋಡಿಸಿ ಕಲಿಸಿದಾಗ ಅದೇ ಭಾಗಗಳು ಹೆಚ್ಚು ಚುರುಕಾಗುವುದೂ ಕಂಡುಬಂದಿದೆ. ನನಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಡುವ ಸಂಗತಿ ಇದು.

ಪರಿಶೀಲನೆಯಲ್ಲಿ ಸ್ಕ್ಯಾನಿಂಗ್, ಚುಚ್ಚುಮದ್ದು ಯಾವುದೂ ಇಲ್ಲ. ಕಣ್ಣು ಮತ್ತು ಕಿವಿಯಲ್ಲಿ ದೋಷವಿಲ್ಲವೆಂದು ಖಚಿತವಾದ ಮೇಲೆ, ಅಂಕೆಗಳನ್ನು ಹಿಂದುಮುಂದಾಗಿ ಹೇಳಿಸುವುದು, ಚಿತ್ರಗಳನ್ನು ಬೇಗಬೇಗನೆ ಹೆಸರಿಸುವುದು, 'ಕಾಗದ'ದಲ್ಲಿ 'ಗ' ಬಿಟ್ಟರೆ ಏನುಳಿಯುತ್ತದೆ ಎಂದು ಕೇಳುವುದು ಇತ್ಯಾದಿಗಳ ಮೂಲಕ ತೊಡಕು ನೆನಪಿನಲ್ಲಿದೆಯೋ, ಗಮನದಲ್ಲಿದೆಯೋ, ಧ್ವನಿಯನ್ನು ಬಿಡಿಸುವುದರಲ್ಲಿದೆಯೋ ಎಂದು ಹುಡುಕುತ್ತಾರೆ. ಮಿದುಳಿಗೂ ಕಲಿಕೆ, ನಡವಳಿಕೆಗಳಿಗೂ ಇರುವ ನಂಟನ್ನು ಅರಿಯುವ ನರಮನೋವಿಜ್ಞಾನದ ಉಪಯೋಗ ಇಲ್ಲಿಯೇ: ಅಂಕ ಎಷ್ಟು ಬಂತು ಎನ್ನುವುದಕ್ಕಿಂತ ತಪ್ಪು ಹೇಗಾಯಿತು ಎನ್ನುವುದಕ್ಕೆ ಅದು ಹೆಚ್ಚು ಬೆಲೆ ಕೊಡುತ್ತದೆ.

ನಮ್ಮ ಕಾಸರಗೋಡಿನಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಮನೆಯಲ್ಲಿ ತುಳು, ಮಲಯಾಳಂ, ಬ್ಯಾರಿ, ಕೊಂಕಣಿ ಅಥವಾ ಮರಾಠಿ ಆಡುವ ಮಕ್ಕಳು ಇಲ್ಲಿ ಕನ್ನಡದಲ್ಲಿ ಕಲಿಯುತ್ತಾರೆ. ತುಳು ಮನೆಯ ಮಗು 'ಭಾರತ'ವನ್ನು 'ಬಾರತ' ಎಂದು ಬರೆದರೆ ಅದು ಮನೆಮಾತಿನ ಪ್ರಭಾವವಿರಬಹುದು, ಅಭ್ಯಾಸದಿಂದ ತಿದ್ದಬಹುದು. ಆದರೆ ಒಂದೇ ಪುಟದಲ್ಲಿ 'ಪುಸ್ತಕ'ವನ್ನು ಒಮ್ಮೆ 'ಪುತಕ' ಎಂದೂ ಮತ್ತೊಮ್ಮೆ 'ಪುಕಸ್ತ' ಎಂದೂ ಬರೆಯುವ, ಮಲಯಾಳಂ ತರಗತಿಯಲ್ಲೂ ಹೀಗೆಯೇ ತಡವರಿಸುವ ಮಗುವನ್ನು ಪರಿಶೀಲಿಸಲೇಬೇಕು. ಕನ್ನಡದ ಗುಣಿತಾಕ್ಷರ ಮತ್ತು ಒತ್ತಕ್ಷರಗಳು ಪೂರ್ತಿ ಕೈಗೆ ಹತ್ತಲು ಎಲ್ಲ ಮಕ್ಕಳಿಗೂ ಕೆಲವು ವರ್ಷ ಬೇಕಾಗುವುದರಿಂದ, ನಿಧಾನವಾಗಿ ಓದುವ ಪ್ರತಿಯೊಂದು ಮಗುವನ್ನೂ ಸಂಶಯದಿಂದ ನೋಡುವುದು ಸರಿಯಲ್ಲ. ಮಗು ಕಲಿಯುತ್ತಿರುವ ಭಾಷೆಯಲ್ಲೇ, ಅಂದರೆ ಕನ್ನಡದಲ್ಲೇ, ಪರಿಶೀಲನೆ ನಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನು ಬಳಸಿ, 8 ವರ್ಷ ತುಂಬಿದ ಮಕ್ಕಳಿಗೆ ಪ್ರಮಾಣಪತ್ರ ನೀಡಬೇಕೆಂದು 2018ರ ಕೇಂದ್ರ ಮಾರ್ಗಸೂಚಿ ಹೇಳಿತ್ತು. 14 ಮತ್ತು 18ನೇ ವಯಸ್ಸಿನಲ್ಲಿ ಅದನ್ನು ಮತ್ತೆ ಮಾಡಿಸಬೇಕೆಂದೂ ಅದರಲ್ಲಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂತಹ ರಿಯಾಯಿತಿ ಕೇಳಲು ಇಂತಹ ದಾಖಲೆ ಬೇಕಾಗುತ್ತದೆ.

ಇದರೊಂದಿಗಿರುವ ಒಪ್ಪಿಗೆ ಪತ್ರದಲ್ಲಿ ಮನೆಮಾತು ಯಾವುದು, ಮಗು ಮಾತು ಕಲಿತದ್ದು ಯಾವಾಗ, ಕಿವಿ ಸೋರುವ ತೊಂದರೆ ಇತ್ತೇ, ಮನೆಯವರಲ್ಲಿ ಬೇರೆ ಯಾರಿಗಾದರೂ ಓದಲು ಕಷ್ಟವಿತ್ತೇ ಎಂಬುದನ್ನು ಸಂಕೋಚವಿಲ್ಲದೆ ಬರೆಯಿರಿ. ಇಂತಹ ತೊಡಕು ಕುಟುಂಬದಲ್ಲಿ ಹರಿದುಬರುವುದುಂಟು. ಹಳೆಯ ನೋಟ್‌ಪುಸ್ತಕಗಳನ್ನು ತಿದ್ದದೆ, ಹಾಗೆಯೇ ಕಳುಹಿಸಿ. ಅಲ್ಲಿಯವರೆಗೆ ಓದದ ಕಾರಣಕ್ಕೆ ಮಗುವನ್ನು ಹೊಡೆಯಬೇಡಿ, ಅಕ್ಕಪಕ್ಕದ ಮಕ್ಕಳೊಂದಿಗೆ ಹೋಲಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ವರದಿ ಬಂದಾಗ ನಿಮ್ಮನ್ನು ಪ್ರತ್ಯೇಕವಾಗಿ ಕರೆದು ತಿಳಿಸಲಾಗುವುದು. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಯಾವ ಮಗುವಿನ ಹೆಸರನ್ನೂ ಎತ್ತುವುದಿಲ್ಲ.

ಇಂತು ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ