ಮೊಸಾಯಿಕ್ ಮುಚ್ಚುವ ಮುನ್ನ

ಮಾನ್ಯರೇ,

ಹಳೆ ಮನೆ ಮಾರಲು ಹೊರಟವರಿಗೆ ದಲ್ಲಾಳಿಗಳು ಕೊಡುವ ಮೊದಲ ಸಲಹೆ, ‘ನೆಲ ಹಳೇದಾಯ್ತು ಸಾರ್, ಟೈಲ್ಸ್ ಹಾಕಿಸಿಬಿಡಿ’ ಎಂಬುದು. ಹಾಕಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು ಬೇರೆಯೇ ಇದೆ: ಬರುವವರು ಕೊಳ್ಳುವುದು ಮನೆಯನ್ನೋ, ನಿವೇಶನವನ್ನೋ? ಬೆಂಗಳೂರಿನ ಜಯನಗರ, ರಾಜಾಜಿನಗರದಂಥ ಕಡೆ 30×40 ಅಡಿ ಸೈಟಿನ ಹಳೆ ಮನೆ ಕೊಂಡವರು ಎಷ್ಟೋ ಸಲ ಅದನ್ನು ಕೆಡವಿ ಹೊಸದು ಕಟ್ಟುತ್ತಾರೆ. ಅಂಥಲ್ಲಿ ನೆಲಕ್ಕೆ ಸುರಿದ ದುಡ್ಡು ಜೆಸಿಬಿ ಬಾಯಿಗೆ.

ವಾಸಕ್ಕೆಂದೇ ಕೊಳ್ಳುವವರಿದ್ದರೂ ಗಟ್ಟಿಯಾಗಿರುವ ಮೊಸಾಯಿಕ್ ನೆಲವನ್ನು ಮುಚ್ಚುವ ಅಗತ್ಯ ಕಡಿಮೆ. ಅದರ ಚಿಪ್ಸ್ (ಸಿಮೆಂಟಿನಲ್ಲಿ ಕೂರಿಸಿದ ಕಲ್ಲಿನ ಚೂರು) ಪದರವೇ ಐದಾರು ಮಿ.ಮೀ. ಇರುತ್ತದೆ, ಒಂದು ಪಾಲಿಷಿಗೆ ಸವೆಯುವುದು ಅದರಲ್ಲಿ ತೀರಾ ಸ್ವಲ್ಪ. ಮೊದಲು ಗುಳಿಬಿದ್ದ ಕಡೆ, ಸಂದುಗಳಲ್ಲಿ ಬಿಳಿ ಸಿಮೆಂಟಿಗೆ ನೆಲದ ಬಣ್ಣ ಬೆರೆಸಿ ತುಂಬಿ ಮೂರ್ನಾಲ್ಕು ದಿನ ಒದ್ದೆಯಾಗಿಡಬೇಕು. ಆಮೇಲೆ ನೀರು ಹರಿಸುತ್ತಾ 60, 120, 220, 400 ನಂಬರಿನ ಉಜ್ಜುಗಲ್ಲುಗಳನ್ನು (ನಂಬರು ಏರಿದಂತೆ ನುಣುಪು) ಪಾಲಿಷ್ ಮಷೀನಿಗೆ ಹಾಕಿ ಇದೇ ಕ್ರಮದಲ್ಲಿ ಓಡಿಸಬೇಕು. ಅವಸರಕ್ಕೆ 120ರಿಂದ ನೇರ 400ಕ್ಕೆ ಹಾರಿದರೆ ಮಷೀನಿನ ಸುತ್ತುಗೆರೆಗಳು ಉಳಿಯುತ್ತವೆ. ಒದ್ದೆ ಇರುವಾಗ ಕಾಣದ ಅವು ಸಂಜೆಯ ಓರೆ ಬಿಸಿಲಿಗೆ ಎದ್ದು ಕಾಣುತ್ತವೆ. ಕೊನೆಗೆ ಹೊಳಪಿಗೆ ಆಕ್ಸಾಲಿಕ್ ಪುಡಿ ಉದುರಿಸಿ ತಿಕ್ಕಬೇಕು, ಚದರ ಮೀಟರಿಗೆ ಸುಮಾರು 33 ಗ್ರಾಂ. ಕಲೆ ತೆಗೆಯಲೆಂದು ಬಚ್ಚಲು ತೊಳೆಯುವ ಆಸಿಡ್ ಮಾತ್ರ ಸುರಿಯಬೇಡಿ, ಅದು ಸಿಮೆಂಟನ್ನೂ ಅಮೃತಶಿಲೆಯ ಚಿಪ್ಸನ್ನೂ ತಿನ್ನುತ್ತದೆ. ಪಾಲಿಷಿನ ಬೂದು ರೊಚ್ಚನ್ನು ಬಚ್ಚಲಿಗೆ ತಳ್ಳದೆ ಬಕೆಟ್ಟಿಗೆ ತುಂಬಿಸಿ. ನಹಾನಿ ಟ್ರ್ಯಾಪಿನಲ್ಲಿ (ಬಚ್ಚಲ ನೀರು ಹೋಗುವ ಜಾಲರಿಯಡಿಯ ಬಾಗಿದ ಕೊಳವೆ) ಅದು ಗಟ್ಟಿಯಾದರೆ ಪೈಪು ಒಡೆಯುವುದೊಂದೇ ದಾರಿ.

ರೆಡ್ ಆಕ್ಸೈಡ್ ನೆಲಕ್ಕೆ ಈ ಮಷೀನು ಸಲ್ಲದು. ಬಣ್ಣದ ಪದರ ತೆಳು, ಕಲ್ಲು ತಾಗಿದರೆ ಅಡಿಯ ಗಾರೆಯ ಬೂದುಬಣ್ಣ ಕಾಣಿಸಿಕೊಳ್ಳುತ್ತದೆ. ಸಾಬೂನು ನೀರಿನಲ್ಲಿ ಒರೆಸಿ, ಒಣಗಿಸಿ, ಮೇಣ ಹಚ್ಚಿ ತಿಕ್ಕಿದರೆ ಸಾಕು. ಕೂದಲೆಳೆಯಷ್ಟು ಬಿರುಕನ್ನು ಹಾಗೇ ಬಿಡುವುದು ಲೇಸು. ತೇಪೆ ಹಾಕಿದರೆ ಬಣ್ಣ ಕೂಡದೆ ಅದೇ ಮೊದಲು ಕಣ್ಣಿಗೆ ಬೀಳುತ್ತದೆ.

ಟೈಲ್ಸೇ ಬೇಕು ಎನ್ನುವವರು ಹಳೆ ನೆಲವನ್ನು ಕೋಲಿನಿಂದ ಅಡಿಗಡಿಗೂ ತಟ್ಟಿ ನೋಡಲಿ. ಟೊಳ್ಳು ಸದ್ದು ಬಂದಲ್ಲಿ ಕಿತ್ತು ಗಾರೆ ತುಂಬಲೇಬೇಕು. ಉಳಿದ ಕಡೆ ಮೇಣ, ಎಣ್ಣೆ ಜಿಡ್ಡು ತೆಗೆದು ಗ್ರೈಂಡರಿನಿಂದ ಒರಟು ಮಾಡಬೇಕು. ವಿಟ್ರಿಫೈಡ್ ಟೈಲ್ ನೀರು ಹೀರುವುದು ಶೇ 0.5ಕ್ಕಿಂತ ಕಡಿಮೆ, ಹಾಗಾಗಿ ನೀರಲ್ಲಿ ಕಲಸಿದ ಬರೀ ಸಿಮೆಂಟ್ ಅದಕ್ಕೆ ಕಚ್ಚುವುದಿಲ್ಲ. ಐಎಸ್ 15477 (ಟೈಲ್ ಅಂಟಿಗಿರುವ ಭಾರತೀಯ ಮಾನಕ) ಗುರುತಿನ, ಟೈಲ್ ಮೇಲೆ ಟೈಲ್‌ಗೆ ಆಗುತ್ತದೆಂದು ಚೀಲದ ಮೇಲೆಯೇ ನಮೂದಿಸಿದ ಅಂಟು ತರಿಸಿ. 600 ಚದರಡಿಗೆ ಶೇ 8ರಷ್ಟು ಹೆಚ್ಚುವರಿ ಸೇರಿಸಿದರೆ, 15.5 ಚದರಡಿಯ ಬಾಕ್ಸ್ 42 ಬೇಕು, 20 ಕೆ.ಜಿ. ಅಂಟಿನ ಚೀಲ 13–14. ಎಲ್ಲ ಬಾಕ್ಸಿನ ಮೇಲೂ ಒಂದೇ ಬ್ಯಾಚ್, ಒಂದೇ ಶೇಡ್ ಇದೆಯೇ ಎಂದು ಲಾರಿಯಿಂದ ಇಳಿಸುವಾಗಲೇ ನೋಡಿಕೊಳ್ಳಿ.

ಎಡವಟ್ಟಾಗುವುದು ಅಂಟು ಬಳಿಯುವುದರಲ್ಲಿ. ಉಳಿಸುವ ಹುಕಿಗೆ ಮೇಸ್ತ್ರಿ ನಾಲ್ಕು ಮೂಲೆಗೊಂದು, ನಡುವೆ ಒಂದು ಉಂಡೆ ಇಟ್ಟು ಟೈಲ್ ಒತ್ತುತ್ತಾರೆ. ಹಾಕಿದ ದಿನ ಅದು ಚೆನ್ನಾಗಿಯೇ ಕಾಣುತ್ತದೆ. ಮಂಚದ ಕಾಲು ಟೊಳ್ಳು ಜಾಗದ ಮೇಲೆ ಬಿದ್ದ ದಿನ ಬಿರುಕು. ಹಲ್ಲಿನ ಕರಣೆಯಿಂದ ನೆಲದ ತುಂಬ ಒಂದೇ ದಿಕ್ಕಿಗೆ ಗೆರೆ ಎಳೆಸಿ, ಆಗಾಗ ಒಂದು ಟೈಲ್ ಎತ್ತಿಸಿ ಬೆನ್ನಿಗೆ ಪೂರ್ತಿ ಅಂಟು ಹತ್ತಿದೆಯೇ ನೋಡಿ. ಟೈಲ್‌ಗಳ ನಡುವೆ 2 ಮಿ.ಮೀ. ಸ್ಪೇಸರ್ (ಸಂದು ಬಿಡಿಸಲು ಇಡುವ ಬಿಲ್ಲೆ), ಗೋಡೆಯಂಚಿಗೆ ಐದಾರು ಮಿ.ಮೀ. ಸಂದು ಇರಲಿ, ಅದನ್ನು ಗೋಡೆಯ ಬುಡದ ಪಟ್ಟಿ (ಸ್ಕರ್ಟಿಂಗ್) ಮುಚ್ಚಿಕೊಳ್ಳುತ್ತದೆ. ಸಂದಿಲ್ಲದೆ ಬಿಗಿದರೆ ಬಿಸಿಲ ಕಾಲದಲ್ಲಿ ಹಿಗ್ಗಿ ಕೋಣೆಯ ನಡುವೆ ಗುಡಾರದಂತೆ ಎದ್ದು ನಿಲ್ಲುವುದುಂಟು.

ಇಷ್ಟು ಮಾಡಿದರೂ ನೆಲ 12–13 ಮಿ.ಮೀ. ಏರಿರುತ್ತದೆ. ಬಾಗಿಲುಗಳ ಅಡಿ ಕೊಯ್ಯಬೇಕು. ಮೆಟ್ಟಿಲ ಮೊದಲ ಹಂತ ಅಷ್ಟು ಗಿಡ್ಡವಾಗುತ್ತದೆ, ಮಹಡಿಯ ನೆಲಕ್ಕೂ ಹಾಕಿಸಿದರೆ ಕೊನೆಯದು ಎತ್ತರವಾಗುತ್ತದೆ. ಕತ್ತಲಲ್ಲಿ ಎಡವುವುದು ಅಲ್ಲೇ. ಬಚ್ಚಲಿನ ನೆಲವನ್ನೂ ಮೇಲೇರಿಸಿ ನಡುಮನೆಯನ್ನು ಹಾಗೇ ಬಿಟ್ಟರಂತೂ ನೀರು ನೇರ ನಡುಮನೆಗೆ.

ನೆಲಮಹಡಿಯ ತೇವದ ವಿಚಾರ ಇದಕ್ಕಿಂತ ಗಂಭೀರ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕಂಚಿಗೂ ಟೇಪ್ ಅಂಟಿಸಿ ಒಂದು ದಿನ ಬಿಡಿ. ಅಡಿಯಲ್ಲಿ ಹನಿ ಕಟ್ಟಿದ್ದರೆ, ನೆಲ ಕಪ್ಪಾಗಿದ್ದರೆ ತೇವ ಏರುತ್ತಿದೆ. ಅಂಥ ನೆಲದ ಮೇಲೆ ವಿನೈಲ್ ಹಾಳೆಯ ಅಂಟು ಬಿಡುತ್ತದೆ, ಮರದ ಲ್ಯಾಮಿನೇಟಿನ ಅಂಚು ಉಬ್ಬುತ್ತದೆ, ಟೈಲ್ ಸಂದಿನಲ್ಲಿ ಬಿಳಿ ಉಪ್ಪು ಹೊರಡುತ್ತದೆ. ತೇವ ಗೊತ್ತಿದ್ದೂ ಹೊಸ ಹಾಸಿನಡಿ ಮುಚ್ಚಿ ಮಾರುವುದು ಜಾಣತನವೇನಲ್ಲ. ಮಾರುವವರಿಗೆ ತಿಳಿದಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ತಿಳಿಸಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ.

ಟೈಲ್ಸ್ ಹಾಕಿಸಿದ್ದೇ ಆದರೆ ಮಿಕ್ಕ ಮೂರ್ನಾಲ್ಕನ್ನು ಗುಜರಿಗೆ ಹಾಕದೆ, ಬ್ಯಾಚ್ ಚೀಟಿಯ ಸಮೇತ ಅಟ್ಟದ ಮೇಲಿಟ್ಟು ಕೊಳ್ಳುವವರಿಗೆ ಬೀಗದ ಕೈ ಜತೆ ತೋರಿಸಿ. ಒಂದು ಒಡೆದರೆ ಅದೇ ಬಣ್ಣ ಮತ್ತೆ ಅಂಗಡಿಯಲ್ಲಿ ಸಿಗುವುದು ಕಷ್ಟ.

– ನೆಲಗೆಲಸದ ಗುತ್ತಿಗೆದಾರರು, ಮೈಸೂರು