ಆಲಿವ್ ಸಾಬೂನಿನ ಮೇಲಿನ ಕಿತ್ತಳೆ ಚುಕ್ಕೆಗಳ ಬಗ್ಗೆ ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಕಳೆದ ಚಳಿಗಾಲದಲ್ಲಿ ನಮ್ಮಿಂದ ಆಲಿವ್ ಸಾಬೂನು ಒಯ್ದ ಕೆಲವರು ಯುಗಾದಿಯ ಹೊತ್ತಿಗೆ ಫೋನ್ ಮಾಡಿದಿರಿ. ಸಾಬೂನಿನ ಮೈಮೇಲೆ ಅರಿಸಿನದ ಕಲೆಯಂಥ ಚುಕ್ಕೆ ಎದ್ದಿದೆ, ಹಳೆಯ ಹಪ್ಪಳದ ಡಬ್ಬಿ ತೆರೆದಂತೆ ಕಮಟು ವಾಸನೆ ಬರುತ್ತಿದೆ ಎಂದು ದೂರಿದಿರಿ. ಮೊದಲ ಇಬ್ಬರಿಗೆ ನಾವು ಕೊಟ್ಟ ಉತ್ತರ, 'ಒದ್ದೆ ಜಾಗದಲ್ಲಿ ಇಟ್ಟಿರಬೇಕು' ಎಂಬುದು. ಆ ಉತ್ತರ ತಪ್ಪಾಗಿತ್ತು. ಆ ಇಬ್ಬರ ಕ್ಷಮೆ ಕೇಳಿ ಈ ಪತ್ರ ಆರಂಭಿಸುತ್ತೇವೆ. ದೋಷ ನಿಮ್ಮ ಬಚ್ಚಲುಮನೆಯದಲ್ಲ, ನಾವು ಕೊಂಡು ತಂದ ಎಣ್ಣೆಯದು.

ನಮ್ಮ ಸಾಬೂನಿಗೆ ಮೊದಲಿನಿಂದ ಇದ್ದ ಅಳತೆ ಇದು: ನೂರು ಭಾಗ ಎಣ್ಣೆಯಲ್ಲಿ ಎಪ್ಪತ್ತು ಆಲಿವ್, ಇಪ್ಪತ್ತೈದು ಕೊಬ್ಬರಿ, ಐದು ಹರಳೆಣ್ಣೆ. ಆಲಿವ್ ಎಂದರೆ ಸಲಾಡಿಗೆ ಸುರಿಯುವ ದುಬಾರಿ ಎಣ್ಣೆಯಲ್ಲ, ಹಣ್ಣು ಹಿಂಡಿದ ಮೇಲೆ ಉಳಿಯುವ ಹಿಂಡಿಯಿಂದ ತೆಗೆದ ಪೊಮೇಸ್ ದರ್ಜೆಯದು. ಸಾಬೂನಿಗೆ ಅದು ಧಾರಾಳ ಸಾಕು. ಆದರೆ 2022 ಮತ್ತು 2023ರಲ್ಲಿ ಸ್ಪೇನ್ ದೇಶದಲ್ಲಿ ಬರ ಬಿದ್ದು ಆಲಿವ್ ಬೆಳೆ ಅರ್ಧಕ್ಕಿಂತ ಕೆಳಗಿಳಿಯಿತು. ಜಗತ್ತಿನಲ್ಲಿ ಅತಿ ಹೆಚ್ಚು ಆಲಿವ್ ಎಣ್ಣೆ ತೆಗೆಯುವ ದೇಶವೇ ಅದು. ಅಲ್ಲಿ ಮಳೆ ಕೈಕೊಟ್ಟರೆ ಗದಗ ಸೀಮೆಯ ನಮ್ಮ ಹನ್ನೊಂದು ಹೆಣ್ಣುಮಕ್ಕಳ ಲೆಕ್ಕದ ಪುಸ್ತಕ ಒಣಗುತ್ತದೆ. ಸಂಘ ಕಟ್ಟುವಾಗ ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಆ ಹೊತ್ತಿಗೆ ಅಗ್ಗದ ದರಕ್ಕೆ ಒಂದು ಎಣ್ಣೆ ಸಿಕ್ಕಿತು. ಡಬ್ಬಿಯ ಮುಂಬದಿಯಲ್ಲಿ ಆಲಿವ್ ಕೊಂಬೆಯ ಚಿತ್ರ, 'ಆಲಿವ್' ಎಂಬ ದೊಡ್ಡ ಅಕ್ಷರ. ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ಸೂರ್ಯಕಾಂತಿ ಎಂಬತ್ತು ಭಾಗ, ಆಲಿವ್ ಇಪ್ಪತ್ತು ಭಾಗ ಎಂದಿತ್ತು. ಎಣ್ಣೆ ಬೆರೆಸಿದ್ದು ಕಾನೂನಿಗೆ ವಿರುದ್ಧವಲ್ಲ. ನಮ್ಮ ದೇಶದಲ್ಲಿ ಎರಡು ಖಾದ್ಯ ತೈಲಗಳನ್ನು ಬೆರೆಸಿ ಮಾರಬಹುದು, ಆದರೆ ಯಾವುದೇ ಒಂದು ಎಣ್ಣೆ ಶೇ. 20ಕ್ಕಿಂತ ಕಡಿಮೆ ಇರಬಾರದು. ತಿರುಗಿಸಿ ನೋಡದೆ ಕೊಂಡವರು ನಾವು. ನೋಡಿದ ಮೇಲೂ, ಎರಡೂ ಎಣ್ಣೆಯೇ ತಾನೇ ಎಂದು ಸುಮ್ಮನಾದವರೂ ನಾವೇ.

ಸುಮ್ಮನಾಗಲು ಒಂದು ಕಾರಣವಿತ್ತು. ಸಾಬೂನು ಮಾಡುವವರಿಗೆ ಹೊಸ ಎಣ್ಣೆ ಬಂದರೆ ಮೊದಲ ಭಯ ಎಣ್ಣೆಯನ್ನು ಸಾಬೂನಾಗಿಸುವ ಕಾಸ್ಟಿಕ್ ಸೋಡಾದ್ದು. ಸೋಡಾ ಹೆಚ್ಚಾದರೆ ಚರ್ಮ ಸುಡುತ್ತದೆ, ಕಡಿಮೆಯಾದರೆ ಸಾಬೂನು ಜಿಡ್ಡುಜಿಡ್ಡಾಗುತ್ತದೆ. ಒಂದು ಗ್ರಾಂ ಆಲಿವ್ ಎಣ್ಣೆಗೆ ಸುಮಾರು 0.135 ಗ್ರಾಂ ಸೋಡಾ ಬೇಕು, ಸೂರ್ಯಕಾಂತಿಗೆ 0.136 ಗ್ರಾಂ. ಕೊಬ್ಬರಿ ಎಣ್ಣೆಯಾದರೆ 0.183 ಗ್ರಾಂ ಬೇಡುತ್ತದೆ, ಅಲ್ಲಿ ಅಳತೆ ತಪ್ಪಿದರೆ ಕೂಡಲೇ ಗೊತ್ತಾಗುತ್ತದೆ. ಆಲಿವ್, ಸೂರ್ಯಕಾಂತಿಗಳ ನಡುವೆ ಮಾತ್ರ ಅಂಥ ಸುಳಿವು ಸಿಗುವುದಿಲ್ಲ. ಒಂದು ಕಿಲೋ ಎಣ್ಣೆಯ ನಮ್ಮ ಪಾಕಕ್ಕೆ ಹಿಡಿಯುವ ಸೋಡಾದಲ್ಲಿ, ಹಳೆಯ ಲೆಕ್ಕಕ್ಕೆ ಹೋಲಿಸಿದರೆ, ಬೆರಕೆ ಎಣ್ಣೆ ಹಾಕಿದಾಗ ಹೆಚ್ಚು ಕಡಿಮೆ ಅರ್ಧ ಗ್ರಾಂ ಮಾತ್ರ ವ್ಯತ್ಯಾಸ ಬಂತು. ತಕ್ಕಡಿ ಸುಮ್ಮನಿತ್ತು. ಪಾಕವೂ ಹದಕ್ಕೆ ಬಂತು, ಅಚ್ಚಿನಿಂದ ಬಿಡಿಸುವಾಗ ಎಂದಿಗಿಂತ ಕೊಂಚ ಮೆತ್ತಗಿತ್ತು. ಚಳಿಗಾಲ, ಅದಕ್ಕೇ ಇರಬೇಕು ಎಂದುಕೊಂಡೆವು.

ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಆಲಿವ್ ಎಣ್ಣೆಯ ಬಹುಪಾಲು ಓಲಿಯಿಕ್ ಎಂಬ ಕೊಬ್ಬಿನ ಆಮ್ಲ, ಅದು ಗಾಳಿಗೆ ಬೇಗ ಕೆಡುವುದಿಲ್ಲ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲಿಯಿಕ್ ಆಮ್ಲ. ಅದು ಗಾಳಿಯಲ್ಲಿನ ಆಮ್ಲಜನಕವನ್ನು ಬೇಗ ಹಿಡಿದುಕೊಳ್ಳುತ್ತದೆ. ಹಪ್ಪಳ ಕರಿದ ಬಾಣಲೆಯ ಅಂಚಿಗೆ ಹಳದಿ ಜಿಗಟು ಅಂಟಿ ಎಷ್ಟು ಉಜ್ಜಿದರೂ ಹೋಗುವುದಿಲ್ಲವಲ್ಲ, ಅದೂ ಇದೇ ಜಾತಿಯ ಕೆಲಸ. ಅಗಸೆ ಎಣ್ಣೆ ಹಚ್ಚಿದ ಕ್ರಿಕೆಟ್ ಬ್ಯಾಟಿನ ಮೇಲೆ ಪೊರೆ ಕಟ್ಟುವುದೂ ಹೀಗೆಯೇ. ನಮ್ಮ ಹಳೆಯ ಸಾಬೂನಿನಲ್ಲಿ ಲಿನೋಲಿಯಿಕ್ ಆಮ್ಲ ನೂರಕ್ಕೆ ಎಂಟರಷ್ಟಿತ್ತು. ಬೆರಕೆ ಎಣ್ಣೆ ಹಾಕಿದ ಸಾಬೂನಿನಲ್ಲಿ ಅದು ಮೂವತ್ತೈದು ದಾಟಿತ್ತು. ಅದು ಚಳಿಯಲ್ಲಿ ಸುಮ್ಮನಿದ್ದು, ಬಿಸಿಲು ಏರಿದ ಮೇಲೆ ಬಣ್ಣ ತೋರಿಸಿತು.

ಇನ್ನೊಂದು ವಿಷಯ ನಮಗೆ ತಿಳಿದದ್ದು ಗೋದಾಮಿನಲ್ಲಿ. ಉಳಿದಿದ್ದ ಸಾಬೂನುಗಳನ್ನು ತಿರುವಿ ಹಾಕಿದಾಗ ಚುಕ್ಕೆಗಳು ಅಡ್ಡಾದಿಡ್ಡಿ ಇರಲಿಲ್ಲ, ಗೆರೆ ಎಳೆದಂತೆ ಸಾಲಾಗಿದ್ದವು. ಒಣಗಿಸಲು ಇಟ್ಟಿದ್ದ ಕಬ್ಬಿಣದ ಜಾಲರಿಯ ತಂತಿಗಳ ಗುರುತು ಅದು! ಕಬ್ಬಿಣ, ತಾಮ್ರದ ಸೋಂಕು ತಗುಲಿದಲ್ಲಿ ಎಣ್ಣೆ ಇನ್ನೂ ಬೇಗ ಕೆಡುತ್ತದೆ. ಸಾಲದ್ದಕ್ಕೆ ಸೋಡಾ ಕರಗಿಸಲು ಬಳಸಿದ್ದು ಲೋಹದ ಅಂಶ ಇರಬಹುದಾದ ಕೊಳವೆ ಬಾವಿಯ ನೀರು.

ಈಗ ಮಾಡಿಕೊಂಡಿರುವ ಬದಲಾವಣೆ ಹೇಳುತ್ತೇವೆ. ಬೆರೆಸಿದ ಎಣ್ಣೆ ಇನ್ನು ಕೊಳ್ಳುವುದಿಲ್ಲ. ಆಲಿವ್ ಬೇರೆ, ಸೂರ್ಯಕಾಂತಿ ಬೇರೆ ತಂದು ನಾವೇ ಅಳೆದು ಬೆರೆಸುತ್ತೇವೆ. ಹೊಸ ಅಳತೆ ಆಲಿವ್ ಐವತ್ತೈದು, ಕೊಬ್ಬರಿ ಮೂವತ್ತು, ಸೂರ್ಯಕಾಂತಿ ಹತ್ತು, ಹರಳೆಣ್ಣೆ ಐದು. ಲಿನೋಲಿಯಿಕ್ ಆಮ್ಲ ಹನ್ನೆರಡರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸೂರ್ಯಕಾಂತಿಯನ್ನು ಪೂರ್ತಿ ಬಿಟ್ಟೇಬಿಡೋಣ ಎಂದು ಸಂಘದಲ್ಲಿ ಮೂವರು ವಾದಿಸಿದರು. ದೇಶದಲ್ಲಿ ಅತಿ ಹೆಚ್ಚು ಸೂರ್ಯಕಾಂತಿ ಬೆಳೆಯುವ ರಾಜ್ಯ ನಮ್ಮದು, ನಮ್ಮ ಹೊಲದ ಎಣ್ಣೆ ಇರಲಿ ಎಂಬ ಮಾತೂ ಬಂತು. ಕೇಳಲು ಅದು ಚೆನ್ನಾಗಿದೆ, ಆದರೆ ಉಳಿಸಿಕೊಂಡಿರುವ ನಿಜವಾದ ಕಾರಣ ಬೆಲೆಯೇ. ಹತ್ತು ಭಾಗ ಸೂರ್ಯಕಾಂತಿ ಇಲ್ಲದಿದ್ದರೆ ಸಾಬೂನಿನ ದರ ಇನ್ನೂ ಏರಿಸಬೇಕಾಗುತ್ತಿತ್ತು. ಒಬ್ಬ ಸದಸ್ಯೆ ಕುಸುಬೆ ಎಣ್ಣೆ ಹಾಕಿ ನೋಡೋಣವೇ ಎಂದರು. ಊಟಕ್ಕೆ ನಮಗೆಲ್ಲ ಅದೇ ಇಷ್ಟ, ಆದರೆ ಅದರಲ್ಲಿ ಲಿನೋಲಿಯಿಕ್ ಸೂರ್ಯಕಾಂತಿಗಿಂತಲೂ ಹೆಚ್ಚು. ಕುಸುಬೆ ಅಡುಗೆಮನೆಯಲ್ಲೇ ಇರಲಿ.

ಜೊತೆಗೆ ಪಾಕಕ್ಕೆ ಸಿಟ್ರಿಕ್ ಆಮ್ಲ, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಕಿಲೋ ಎಣ್ಣೆಗೆ ಹತ್ತು ಗ್ರಾಂ ಸೇರಿಸುತ್ತಿದ್ದೇವೆ. ಅದು ಲೋಹದ ಅಂಶವನ್ನು ಕಟ್ಟಿಹಾಕುತ್ತದೆ, ಗಡಸು ನೀರಿನಲ್ಲಿ ಸಾಬೂನು ಬಿಳಿ ಗಸಿಯಾಗುವುದನ್ನೂ ತಗ್ಗಿಸುತ್ತದೆ. ಮನೆಯಲ್ಲಿ ಸಾಬೂನು ಮಾಡುವವರು ನಮ್ಮ ಗ್ರಾಹಕರಲ್ಲಿ ಇದ್ದೀರಿ, ನಿಮಗಾಗಿ ಒಂದು ಮಾತು: ನಿಂಬೆ ಉಪ್ಪು ಸೋಡಾವನ್ನು ತಿನ್ನುತ್ತದೆ. ಹತ್ತು ಗ್ರಾಂ ಹಾಕಿದರೆ ಆರು ಗ್ರಾಂನಷ್ಟು ಸೋಡಾ ಹೆಚ್ಚಿಗೆ ಸೇರಿಸಬೇಕು, ಇಲ್ಲವಾದರೆ ಸಾಬೂನು ಮೆತ್ತಗಾಗುತ್ತದೆ. ಜಾಲರಿ ತೆಗೆದು ಬಿದಿರಿನ ತಟ್ಟೆ ಹಾಕಿದ್ದೇವೆ, ಸೋಡಾ ಕರಗಿಸಲು ಶುದ್ಧೀಕರಿಸಿದ ನೀರು ಬಳಸುತ್ತೇವೆ, ಆರು ವಾರ ಒಣಗಿಸಿದ ಮೇಲೆಯೇ ಕಾಗದ ಸುತ್ತುತ್ತೇವೆ.

ಹೊಸ ಸಾಬೂನು ಹಳೆಯದರಂತೆಯೇ ಇರುತ್ತದೆ ಎಂದು ಹೇಳಲಾರೆವು. ಕೊಬ್ಬರಿ ಹೆಚ್ಚಾದ್ದರಿಂದ ನೊರೆ ಚೆನ್ನಾಗಿ ಬರುತ್ತದೆ, ಗಟ್ಟಿಯೂ ಇದೆ. ಒಣ ಚರ್ಮದವರಿಗೆ ಸ್ನಾನದ ನಂತರ ಚರ್ಮ ಸ್ವಲ್ಪ ಬಿಗಿದಂತೆ ಅನಿಸಬಹುದು. ಬೆಲೆ ಒಂದಕ್ಕೆ ಐದು ರೂಪಾಯಿ ಹೆಚ್ಚಾಗಿದೆ. ಹೆಸರನ್ನು 'ಆಲಿವ್ ಸಾಬೂನು' ಎಂದು ಉಳಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಇನ್ನು ಮುಂದೆ 'ಆಲಿವ್ ಮತ್ತು ಸೂರ್ಯಕಾಂತಿ ಸಾಬೂನು' ಎಂದು ಮುಂಬದಿಯಲ್ಲೇ, ಒಂದೇ ಗಾತ್ರದ ಅಕ್ಷರದಲ್ಲಿ ಇರುತ್ತದೆ. ನಾಲ್ಕು ಎಣ್ಣೆಗಳ ಪ್ರಮಾಣವೂ ಅದರ ಕೆಳಗೇ ಇರುತ್ತದೆ.

ಚುಕ್ಕೆ ಬಿದ್ದ ಸಾಬೂನು ನಿಮ್ಮಲ್ಲಿದ್ದರೆ ಮುಖಕ್ಕೆ, ಮಕ್ಕಳಿಗೆ ಹಚ್ಚಬೇಡಿ. ಅದರಲ್ಲಿ ಸುಡುವ ಸೋಡಾ ಉಳಿದಿಲ್ಲ, ಹಾಗಾಗಿ ಕೈಒರಸು ತೊಳೆಯಲು, ಬಚ್ಚಲು ಉಜ್ಜಲು ಬಳಸಬಹುದು. ಹೊದಿಕೆಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ನಮಗೆ ತಿಳಿಸಿದರೆ, ಎಷ್ಟು ಒಯ್ದಿದ್ದಿರೋ ಅಷ್ಟು ಹೊಸ ಸಾಬೂನು ಕಳಿಸುತ್ತೇವೆ, ಅಂಚೆ ವೆಚ್ಚ ನಮ್ಮದು. ಹೊದಿಕೆ ಬಿಸಾಕಿದ್ದರೆ ಚುಕ್ಕೆಯ ಫೋಟೋ ಸಾಕು.

ಬರೀ ಆಲಿವ್ ಎಣ್ಣೆಯ ಸಾಬೂನು ಬೇಕೆಂದು ಕೇಳಿದವರಿಗೆ: ನಲವತ್ತು ಸಾಬೂನುಗಳ ಒಂದು ಅಚ್ಚು ಹೊಯ್ದಿದ್ದೇವೆ. ಅದು ಹದವಾಗಿ ಒಣಗಲು ಆರು ತಿಂಗಳು ಬೇಕು, ನೊರೆ ಕಡಿಮೆ, ಬೆಲೆ ಇಮ್ಮಡಿ. ಬೇಕಿದ್ದವರು ಈಗಲೇ ಹೆಸರು ಬರೆಸಿ, ಹಣ ಸಾಬೂನು ಕೈಗೆ ಬಂದ ಮೇಲೆ ಕೊಡಿ.

ಇಂತಿ ನಿಮ್ಮ,
ಕಾರ್ಯದರ್ಶಿ ಮತ್ತು ಸಂಘದ ಸದಸ್ಯೆಯರು